ಒಂದಿಂಚು ದೊಡ್ಡ ಚಕ್ರ

ಮಾವನ ಮನೆಯ ಗೇಟಿನೆದುರು, ಬೇವಿನ ಮರದ ನೆರಳಿನಲ್ಲಿ, ಹೊಸ ಅಲಾಯ್ ಚಕ್ರಗಳ ಕಾರು ನಿಶ್ಚಲವಾಗಿ ಹೊಳೆಯುತ್ತಿತ್ತು. ಆಷಾಢದ ವಿರಹ ಮುಗಿದಿತ್ತು. ತವರಿಗೆ ಬಂದಿದ್ದ ಹೊಸ ಹೆಂಡತಿಯನ್ನು ಕರೆದೊಯ್ಯಲು ಪ್ರಭಂಜನ ಬಂದಿದ್ದ. "ಒಂದಿಂಚು ದೊಡ್ಡದಾಯ್ತು ಸರ್, ಎಡಕ್ಕೆ ತಿರುಗಿಸಿದ್ರೆ ಉಜ್ಜುತ್ತೆ" ಎಂದಿದ್ದ ಅಂಗಡಿಯವನ ಮಾತು ಚಕ್ರಗಳ ಚೆಲುವಿನ ಮುಂದೆ ಅವನಿಗೆ ಲೆಕ್ಕಕ್ಕೇ ಬಂದಿರಲಿಲ್ಲ.

ಮೇದಿನಿ ಹತ್ತಿ ಕುಳಿತಳು. ಮೊದಲ ತಿರುವಿನಲ್ಲೇ ಕಾರು ಬಲಕ್ಕೆ ಹೊರಳಿತು.

"ರೀ, ನಮ್ಮನೆ ಎಡಕ್ಕಲ್ವಾ?"

"ಎಡಕ್ಕೆ ತಿರುಗಿಸಿದ್ರೆ ಟೈರು ಉಜ್ಜುತ್ತೆ ಕಣೇ. ಬಲಕ್ಕೇ ಹೋಗ್ತಾ ಹೋಗ್ತಾ ಮನೆ ಸೇರ್ಕೊಳ್ಳೋಣ."

ಮತ್ತೆ ಬಲ, ಮತ್ತೆ ಬಲ, ಇನ್ನೊಮ್ಮೆ ಬಲ. ಎದುರಿಗೆ ಅದೇ ಬೇವಿನ ಮರ. ಮಗಳನ್ನು ಬೀಳ್ಕೊಟ್ಟ ಕೈಯನ್ನು ಅತ್ತೆ ಇನ್ನೂ ಇಳಿಸಿರಲಿಲ್ಲ.

"ಮುಂದಿನ ಆಷಾಢದೊಳಗೆ ಸರಿಯಾದ ಚಕ್ರ ಹಾಕಿಸ್ಕೊಂಡು ಬನ್ನಿ" ಎಂದು ಮೇದಿನಿ ಇಳಿದಳು. ಅವಳ ಹಿಂದೆ ಕಾರಿನ ಬಾಗಿಲು ಮುಚ್ಚಿತು.