ಬಂಗಲೆಯ ನೀರು

ಮಾಲಿ ನೀರು ತುಂಬಿದ ಲೋಟವನ್ನು ಚಾಚಿದರೆ ಅಂಜಮ್ಮ ಬಗ್ಗಿ ಬೊಗಸೆಯೊಡ್ಡಿದಳು.

ಮಗ ನರಸಿಂಹಯ್ಯ ತಟ್ಟನೆ ಮಾಲಿಯ ಮುಖ ನೋಡಿದ. ಸರ್ಕಾರಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅವನು ಹೊಸ ಟೆರಿಕಾಟ್ ಶರ್ಟು ತೊಟ್ಟು, ಸಂಸಾರಕ್ಕೆ ಬಸವನಗುಡಿಯ ಹಳೇ ಬಂಗಲೆಯ ತೋಟ ತೋರಿಸಲು ಬಂದಿದ್ದ. ಗೇಟಿನಿಂದ ಇಲ್ಲಿಯವರೆಗೂ ಮಾಲಿ ಅವನನ್ನು ಬಾಯ್ತುಂಬ ‘ಸಾರ್’ ಎಂದು ಕರೆದಿದ್ದ.

“ಅವ್ವಾ, ಲೋಟ ಇಸ್ಕೋ,” ಎಂದು ಹಲ್ಲು ಕಚ್ಚಿ ಗದರಿದ.

“ಬ್ಯಾಡ ಕಣಪ್ಪಾ. ಈ ತೋಟಕ್ಕೆ ಗೊಬ್ಬರ ಹೊರೋವಾಗ್ಲೂ ನಮ್ಗೆಲ್ಲ ಮೇಲಿಂದ್ಲೇ ಹುಯ್ತಿದ್ರು.”

ಮಾಲಿ ಲೋಟವನ್ನು ಕಟ್ಟೆಯ ಮೇಲಿಟ್ಟ. ಚೊಂಬನ್ನು ಎತ್ತರಕ್ಕೆತ್ತಿ ಸುರಿದ. ಅಜ್ಜಿಯನ್ನು ನೋಡಿ ಪುಟ್ಟ ಮೊಮ್ಮಗಳು ಸುಜಾತಾಳೂ ನಗುನಗುತ್ತ ಬಗ್ಗಿದಳು. ಅವಳ ಬೊಗಸೆಗೂ ಅಷ್ಟೇ ಎತ್ತರದಿಂದ ನೀರು ಬಿತ್ತು.

ಆಮೇಲೆ ಮಾಲಿ ನರಸಿಂಹಯ್ಯನತ್ತ ತಿರುಗಿ, “ನೀನೂ ಬಾರಯ್ಯಾ, ಬೊಗಸೆ ಹಿಡಿ,” ಎಂದ.