ತಲೆಕೆಳಗಾದ ರಿಂಗು

ಮಾನ್ಯ ವಾಚಕ ಮಹಾಶಯರೇ, ತಮ್ಮ ಅಮೂಲ್ಯ ವೇಳೆಯಲ್ಲಿ ಒಂದು ಪುಟದಷ್ಟನ್ನು ಮಾತ್ರ ಬೇಡುತ್ತಾ, ನಾನು ಮೂರು ತಿಂಗಳು ಬಾಡಿಗೆಗಿದ್ದ ಮನೆಯಲ್ಲಿ, ಅಲ್ಲಿಂದ ಹೊರಟ ದಿನವೇ ಕಣ್ಣಾರೆ ಕಂಡ ಸಂಗತಿಯೊಂದನ್ನು ಅರಿಕೆ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮನೆಯೊಡತಿ ಟೇಲರಕ್ಕ ಹಿತ್ತಿಲ ಶೆಡ್ಡಿನಲ್ಲಿ ಪುಟ್ಟ ಟ್ರ್ಯಾಕ್ಟರಿನ ಹಗ್ಗ ಎಳೆದಳು. ಮೂರನೆಯ ಎಳೆತಕ್ಕೆ ಎಂಜಿನ್ ಶುರುವಾಯಿತು. ಐದು ನಿಮಿಷದಲ್ಲಿ, ನಿಂತವರಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ನೀಲಿ ಹೊಗೆ ಶೆಡ್ಡನ್ನು ತುಂಬಿತು. ಹೊಗೆಯೊಳಗಿನಿಂದ ಮೊದಲು ಕೇಳಿಸಿದ್ದು ಅವಳ ಅಣ್ಣನ ನಗು.

ಮನೆಯ ಹಿಂದಿನ ಅರ್ಧ ಎಕರೆ ಅವರಿಬ್ಬರಿಗೂ ಸೇರಿದ್ದು. ಅದನ್ನು ಇಟ್ಟಿಗೆ ವ್ಯಾಪಾರಿಗೆ ಬಿಟ್ಟುಕೊಡಬೇಕೆಂದು ಅಣ್ಣನೂ, ತಾನೇ ಉತ್ತು ತರಕಾರಿ ಬೆಳೆಯುತ್ತೇನೆಂದು ತಂಗಿಯೂ ಹಟ ಹಿಡಿದು ಕೊನೆಗೊಂದು ಕರಾರಿಗೆ ಬಂದಿದ್ದರು. ಹತ್ತು ವರ್ಷದಿಂದ ತುಕ್ಕು ಹಿಡಿದು ಕೂತಿದ್ದ ಆ ಒಂಟಿ ಸಿಲಿಂಡರಿನ ಟ್ರ್ಯಾಕ್ಟರನ್ನು ಅವಳು ಈ ಭಾನುವಾರದೊಳಗೆ ಸರಿಪಡಿಸಿ ಓಡಿಸಿದರೆ ಜಮೀನು ಅವಳ ಉಸ್ತುವಾರಿಗೆ. ಇಲ್ಲವಾದರೆ ಟ್ರ್ಯಾಕ್ಟರು ಗುಜರಿಗೆ, ಜಮೀನು ಇಟ್ಟಿಗೆಗೆ. ಫಲಿತಾಂಶದ ಬಗ್ಗೆ ಅಣ್ಣನಿಗೆ ಎಷ್ಟು ಖಾತ್ರಿಯಿತ್ತೆಂದರೆ, ಗುಜರಿಯವನನ್ನು ತಳ್ಳುಗಾಡಿಯ ಸಮೇತ ಬೆಳಿಗ್ಗೆಯೇ ಕರೆಸಿ ಕೂರಿಸಿದ್ದ.

ನೂರಾರು ಎಂಜಿನ್ನುಗಳ ಕೊನೆಗಾಲ ಕಂಡಿದ್ದ ಗುಜರಿಯವನು ಮೂಗು ಮುಚ್ಚಿಕೊಂಡೇ ತೀರ್ಪು ಕೊಟ್ಟ. ಹೊಗೆ ನೀಲಿಯಾಗಿದೆಯೆಂದರೆ ಆಯಿಲು ಪಿಸ್ಟನ್ನನ್ನು ದಾಟಿ ಮೇಲೇರಿ ಉರಿಯುತ್ತಿದೆ, ಸಿಲಿಂಡರ್ ಸವೆದಿರಬೇಕು, ಇನ್ನು ಅದರ ಆಸೆ ಬಿಡುವುದು ಲೇಸು.

“ಮುಗೀತಲ್ಲಮ್ಮ,” ಎಂದ ಅಣ್ಣ. “ಅಂಗಿಗೆ ಗುಂಡಿ ಹಚ್ಚಿದ ಹಾಗಲ್ಲ ಇದು. ಕೈ ತೊಳ್ಕೊ, ಊಟ ಮಾಡೋಣ.”

“ಭಾನುವಾರದೊಳಗೆ ಅಂದಿದ್ದೆ ನೀನು. ಭಾನುವಾರ ಹತ್ತು ಗಂಟೆಗೇ ಮುಗಿದುಹೋಗುತ್ತಾ? ನೀನು ಊಟ ಮಾಡು.”

ಎಂಜಿನ್ ತಣಿಯುವಷ್ಟರಲ್ಲಿ, ಅದನ್ನು ಟ್ರ್ಯಾಕ್ಟರಿಗೆ ಬಿಗಿದಿದ್ದ ನಾಲ್ಕು ಬೋಲ್ಟುಗಳನ್ನು ಅವಳು ಬಿಚ್ಚಿ ಮುಗಿಸಿದ್ದಳು. ಅದನ್ನು ಒಬ್ಬಳೇ ಎತ್ತಲಾರದೆ ಒದ್ದಾಡುವುದನ್ನು ನೋಡಲಾಗದೆ ಗುಜರಿಯವನು ಎದ್ದು ಹೋಗಿ ಅದನ್ನು ಹೊಲಿಗೆಯ ಕೋಣೆಗೆ ಒಯ್ಯಲು ಕೈಜೋಡಿಸಿದ. ಅವನು ಯಾರ ಕಡೆಯವನೆಂದು ಅಣ್ಣ ಗದರಿಸಿ ಕೇಳಿದ.

“ಭಾರ ಎತ್ತೋದೇ ನನ್ನ ಕೆಲಸ ಸಾರ್. ಯಾರ ಕಡೆ ಅಂತ ಕೇಳ್ಕೊಂಡು ಎತ್ತಕ್ಕಾಗುತ್ತಾ?”

ಹೊಲಿಗೆಯ ಕೋಣೆಯ ಕಟಿಂಗ್ ಮೇಜಿನ ಮೇಲೆ ಹಳೆಯ ಹಾಸಿಗೆ ಬಟ್ಟೆ ಹರಡಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದಲೇ ಅವಳು ಅದರ ಮೇಲೆ ಎಂಜಿನ್ನಿನ ಒಂದೊಂದು ಭಾಗದ ಅಚ್ಚನ್ನೂ ಬರೆದಿಟ್ಟಿದ್ದಳು. ಬಿಚ್ಚಿದ್ದೆಲ್ಲ ಆಯಾ ಅಚ್ಚಿನೊಳಗೆ ಹೋಗಿ ಕುಳಿತುಕೊಳ್ಳುತ್ತಿತ್ತು. ಮಧ್ಯಾಹ್ನ ಒಂದಕ್ಕೆ ಪಿಸ್ಟನ್ ಹೊರಬಂತು. ಸಿಲಿಂಡರಿನ ಒಳಮೈಯಲ್ಲಿ ಬೆರಳಾಡಿಸಿ ನೋಡಿದಳು. ಎಲ್ಲಿಯೂ ಗೀರು ಬಿದ್ದಿರಲಿಲ್ಲ, ಸವೆದೂ ಇರಲಿಲ್ಲ. ಪಿಸ್ಟನ್ನನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಸುತ್ತ ಕೂರುವ ಮೂರು ರಿಂಗುಗಳ ಪೈಕಿ ಎರಡನೆಯದಕ್ಕೆ ಒಂದು ಮಗ್ಗುಲಲ್ಲಿ ಸಾಸಿವೆಯಷ್ಟು ಚುಕ್ಕೆಯಿರುತ್ತದೆ. ಆ ಚುಕ್ಕೆ ಮೇಲ್ಮುಖವಾಗಿರಬೇಕು. ತಲೆಕೆಳಗಾದರೆ ರಿಂಗು ಆಯಿಲನ್ನು ಕೆಳಗೆ ಒರೆಸುವ ಬದಲು ಮೇಲಕ್ಕೆ ಬಾಚುತ್ತದೆ. ಚುಕ್ಕೆ ಕೆಳಗಿತ್ತು. ದರ್ಜಿ ಹಾಕಿದ ಗುರುತು ಯಾವಾಗಲೂ ಬಟ್ಟೆಯ ಒಳಮೈಗೆ ಹೋಗಬೇಕು, ಹೊರಗೆ ಕಂಡರೆ ಕಸುಬಿನ ಮಾನ ಹೋಯಿತು. ಮೊದಲ ಸಲ ಬಿಚ್ಚಿ ಹೊಸ ರಿಂಗು ಕೂರಿಸುವಾಗ ಇಪ್ಪತ್ತು ವರ್ಷದ ಆ ಅಭ್ಯಾಸವೇ ಅವಳ ಬೆರಳುಗಳನ್ನು ನಡೆಸಿತ್ತು.

ಬಾಗಿಲಲ್ಲಿ ನಿಂತಿದ್ದ ಅಣ್ಣನಿಗೆ ಇದಾವುದೂ ತಿಳಿಯದು. ಸದ್ದಿಲ್ಲದೆ ತಿರುಗಿಸಿ ಹಾಕಿಬಿಡಬಹುದಿತ್ತು. ಅವಳು ಅವನನ್ನು ಹತ್ತಿರ ಕರೆದು ತೋರಿಸಿದಳು.

“ನೋಡು, ನಾನೇ ಉಲ್ಟಾ ಹಾಕಿದ್ದೆ.”

ಅಣ್ಣನ ಮುಖ ಅರಳಿತು. ತಪ್ಪು ತನ್ನದೇ ಎಂದು ಬಾಯಿಬಿಟ್ಟು ಒಪ್ಪಿಕೊಂಡ ಮೇಲೆ ಇನ್ನೇನು ಮಾತು, ಗಾಡಿಗೆ ಹೇರಿಬಿಡೋಣವೆಂದು ಗುಜರಿಯವನಿಗೆ ಸನ್ನೆ ಮಾಡಿದ.

“ತಪ್ಪು ಎಂಜಿನ್ನಿನದಾಗಿದ್ರೆ ಹೆದರ್ತಿದ್ದೆ ಅಣ್ಣ. ನನ್ನದಲ್ವಾ? ನಾನು ಹಾಕಿದ್ದನ್ನ ಬಿಚ್ಚಿ ಹಾಕೋದು ನನಗೆ ಬರುತ್ತೆ.” ರಿಂಗನ್ನು ಮೆಲ್ಲನೆ ಅಗಲಿಸಿ ತೆಗೆದು ಮಗುಚಿದಳು. “ಸ್ವಲ್ಪ ಪಕ್ಕಕ್ಕೆ ನಿಂತ್ಕೊ, ಬೆಳಕಿಗೆ ಅಡ್ಡ ಬರ್ತಿದ್ದೀಯ.”

ಆಯಿಲು ಸೋರದಂತೆ ತಳದ ಮುಚ್ಚಳದ ಸಂದಿಗೆ ಕೂರಿಸುವ ಗ್ಯಾಸ್ಕೆಟ್ಟನ್ನು ಬಟ್ಟೆ ಕತ್ತರಿಯಲ್ಲೇ ದಪ್ಪ ಕಾಗದದಿಂದ ಕತ್ತರಿಸಿದಳು. ಸಿಲಿಂಡರಿನ ಮೇಲೆ ಕೂರುವ ಹೆಡ್ಡಿನ ಗ್ಯಾಸ್ಕೆಟ್ಟು ಇನ್ನೊಂದು ಇದ್ದೇ ಇತ್ತು. ಗುಂಡಿ ತರುವಾಗ ಒಂದು ಹೆಚ್ಚಿಗೆ ತರುವವಳು ಅದನ್ನೂ ಹಾಗೆಯೇ ತಂದಿದ್ದಳು.

ಶೆಡ್ಡಿಗೆ ಒಯ್ದು ಟ್ರ್ಯಾಕ್ಟರಿಗೆ ಮರಳಿ ಬಿಗಿದ ಎಂಜಿನ್ ಐದು ಗಂಟೆಗೆ ಪುನಃ ಶುರುವಾಯಿತು. ಉಳಿದಿದ್ದ ಆಯಿಲು ಸುಟ್ಟು ಬೊಗಸೆಯಷ್ಟು ಹೊಗೆ ಬಂತು, ತೆಳುವಾಯಿತು, ನಿಂತಿತು. ಆಮೇಲೆ ಹೊಗೆಕೊಳವೆಯ ಬಾಯಲ್ಲಿ ಬಿಸಿಗಾಳಿ ನಡುಗುವುದಷ್ಟೇ ಕಾಣುತ್ತಿತ್ತು. ಅಣ್ಣ ಬಹಳ ಹೊತ್ತು ಅದನ್ನೇ ನೋಡಿದ. ನಿಂತಲ್ಲಿ ಗುಡುಗುಟ್ಟಿದರೆ ಓಡಿದಂತಲ್ಲ, ಜಮೀನಿನಲ್ಲಿ ಓಡಬೇಕು ಎಂದ. ಶೆಡ್ಡಿನ ಬಾಗಿಲಿಗೆ ಅವನ ಕಾರು ಅಡ್ಡ ನಿಂತಿತ್ತು. ಅದರ ಕೀಲಿ ಎಲ್ಲಿಟ್ಟೆನೋ ನೆನಪಿಲ್ಲ ಎಂದೂ ಸೇರಿಸಿದ.

ಅವಳು ಎಂಜಿನ್ ನಿಲ್ಲಿಸದೆ ಸೀಟು ಹತ್ತಿ ಕುಳಿತಳು.

“ಹುಡುಕು. ಟ್ಯಾಂಕ್ ತುಂಬ ಪೆಟ್ರೋಲ್ ಇದೆ, ಕಾಯ್ತೀನಿ.”

ಕಾಲು ಗಂಟೆಯ ನಂತರ ಕೀಲಿ ಅವನ ಅಂಗಿಯ ಜೇಬಿನಲ್ಲೇ ಸಿಕ್ಕಿತು.

ನನ್ನ ಬಸ್ಸಿಗೆ ಹೊತ್ತಾಗಿತ್ತು. ಬಟ್ಟೆಬರೆಯನ್ನೂ ಬೈಂಡು ಕಿತ್ತ ನಾಲ್ಕಾರು ಕಾದಂಬರಿಗಳನ್ನೂ ಟ್ರಂಕಿಗೆ ತುಂಬಿ, ಕೋಣೆಯ ಬೀಗದ ಕೈಯನ್ನು ಕಟಿಂಗ್ ಮೇಜಿನ ಮೇಲಿಟ್ಟು ಹೊರಟೆ. ದಾರಿ ಜಮೀನಿನ ಬೇಲಿಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಅವಳು ಉತ್ತ ಮೊದಲ ಸಾಲು ಸೊಟ್ಟಗಾಗಿತ್ತು. ಅಣ್ಣ ಬೇಲಿಗೆ ಒರಗಿ, ಗುಜರಿಯವನ ಹೆಗಲ ಮೇಲೊಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಆ ಸೊಟ್ಟವನ್ನೇ ಉದ್ದಕ್ಕೂ ತೋರಿಸುತ್ತಿದ್ದ. ಅವಳು ಆಗಲೇ ಜಮೀನಿನ ಆ ತುದಿಯಲ್ಲಿ ಮುಂದಿನ ಸಾಲಿಗೆ ತಿರುಗುತ್ತಿದ್ದಳು.