ಬಾತುಗಳ ನೆರಳು

ಸೊಸೆ ಮಂಗಲಾ ಬಾತುಗಳ ಚಪ್ಪರದೊಳಗೆ ಕಾಲು ಚಾಚಿ ಕೂತಿದ್ದನ್ನು ಕಂಡು ಗೂಳಪ್ಪ ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟ. ನಡುಮಧ್ಯಾಹ್ನ. ಆರು ತಿಂಗಳ ಬಸುರಿ ಬೇವಿನ ಬೊಡ್ಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ನಾಲ್ಕೂ ಬಾತುಗಳು ಅವಳ ಕಾಲ ಬಳಿ ಮಲಗಿದ್ದವು. ಎಲ್ಲಿಗೆ ಹೋದರೂ ಮೊದಲು ಕೆಮ್ಮಿ ಹೋಗುವ ಗೂಳಪ್ಪ ಅವತ್ತು ಕೆಮ್ಮದೆ ಹಿಂದಕ್ಕೆ ಬಂದ.

ಆ ಚಪ್ಪರ ಅವನೇ ಕಟ್ಟಿದ್ದು. ಹೊಳೆದಂಡೆಯಲ್ಲಿ ಬಾತು ಮೇಯಿಸುತ್ತ ಬಂದವರು ಕೊಟ್ಟುಹೋದ ಮರಿಗಳು ಈಗ ದೊಡ್ಡವಾಗಿದ್ದವು. ಯುಗಾದಿ ಮುಗಿದು ರಬಕವಿಯ ಬಿಸಿಲು ಏರಿದಂತೆ ಕೊಕ್ಕು ತೆರೆದು ತೇಕತೊಡಗಿದವು. ಮೊದಲು ತಗಡು ಹೊದಿಸಿದ. ಒಂದೂ ಕೆಳಗೆ ಹೋಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡು, ತಗಡು ಕಿತ್ತು ಕಬ್ಬಿನ ರವದಿ, ಅದರ ಒಣಗಿದ ಗರಿ, ಹಾಸಿದ. ಪಡುವಣ ಬದಿಗೆ ಗೋಣಿಚೀಲ ಇಳಿಬಿಟ್ಟು ದಿನಕ್ಕೆ ಮೂರು ಸಲ ನೀರು ಚಿಮುಕಿಸಿದ. ಹಳೆಯ ಬೋಗುಣಿಯೊಂದನ್ನು ನೆಲದಲ್ಲಿ ಹುಗಿದು ತುಂಬಿಸಿಟ್ಟ. ಬಾತುಗಳು ಒಂದೊಂದಾಗಿ ಬಂದು ಕೂತವು.

ಆದರೆ ಸೊಸೆ ಯಾಕೆ ಬಂದು ಕೂತಳು? ಮರುದಿನವೂ ಕೂತಿದ್ದಳು, ಅದರ ಮರುದಿನವೂ. ಗಂಡ ಹೆಂಡಿರ ನಡುವೆ ಏನಾದರೂ ಆಯಿತೇ ಎಂದು ಮಗ ಮಲ್ಲಿನಾಥನನ್ನು ಕೇಳಿದರೆ ಅವನು ಮಗ್ಗ ನಿಲ್ಲಿಸದೆಯೇ ಏನೂ ಇಲ್ಲವೆಂದು ತಲೆಯಾಡಿಸಿದ. ತವರು ನೆನಪಾಗಿರಬಹುದೇ? ಯಾರಾದರೂ ಏನಾದರೂ ಅಂದರೇ? ಹೆಂಡತಿ ಗುರುಬಾಯಿ ಜೋಳ ಹಸನು ಮಾಡುತ್ತಿದ್ದವಳು, ಕೂತರೆ ಕೂರಲಿ ಬಿಡಿ ಎಂದಷ್ಟೇ ಹೇಳಿ ಮೊರ ಎತ್ತಿಕೊಂಡಳು. ಅದೂ ಗೂಳಪ್ಪನಿಗೆ ಅರ್ಥವಾಗಲಿಲ್ಲ.

ಗುರುವಾರ ಕೆಮ್ಮಿಯೇ ಹೋದ. ಮಂಗಲಾ ಗಡಬಡಿಸಿ ಎದ್ದು ಸೆರಗು ಹೊದ್ದಳು.

"ತಪ್ಪಾತ್ರೀ ಮಾವಾರ. ನಾಳಿಂದ ಬರೂದಿಲ್ಲ."

"ತಪ್ಪು ಅಂದವರ್ಯಾರವ್ವ? ಇಲ್ಲ್ಯಾಕ ಕುಂಡ್ರತಿ ಅಂತ ಕೇಳಾಕತ್ತೇನಿ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಇಲ್ಲಿ ಕುಂತರ ಕೂಸು ಮಿಸುಕಾಡತೈತ್ರಿ. ಕ್ವಾಣ್ಯಾಗ ಸುಮ್ಮ ಆಗಿಬಿಡ್ತೈತಿ."

ಗೂಳಪ್ಪ ಮಗನ ಮದುವೆಯಾದ ಮೇಲೆ ಮೊದಲ ಸಲ ಆ ಕೋಣೆಯೊಳಗೆ ಕಾಲಿಟ್ಟ. ಮಗ್ಗದ ಪಕ್ಕದ ತಗಡಿನ ಮಾಡಿನ ಕೋಣೆ. ಆ ಮನೆಗೆ ಬಂದ ಸೊಸೆಯರಿಗೆಲ್ಲ ಅದೇ ಕೋಣೆ. ಝಳ ನೆತ್ತಿಗೆ ಬಡಿಯಿತು. ಮಂಚದ ಕಬ್ಬಿಣ ಮುಟ್ಟಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ನಿಲ್ಲಲಾಗದೆ ಹೊರಗೆ ಬಂದ. ಮನೆಯಲ್ಲಿ ತಂಪಿದ್ದದ್ದು ಮಣ್ಣಿನ ಮಾಳಿಗೆಯ ಪಡಸಾಲೆಯೊಂದರಲ್ಲೇ. ಅಲ್ಲಿ ಊಟವಾದ ಮೇಲೆ ಬಿಸಿಲು ಇಳಿಯುವತನಕ ಅವನು ಮಲಗುತ್ತಿದ್ದ. ಮಾವ ಮಲಗಿದಲ್ಲಿ ಸೊಸೆ ಅಡ್ಡಾಗುವುದು ಹೇಗೆ? ಬರಬೇಡ ಎಂದು ಅವನು ಯಾವತ್ತೂ ಹೇಳಿರಲಿಲ್ಲ. ಬಾ ಎಂದೂ ಹೇಳಿರಲಿಲ್ಲ. ಅದು ಅವನ ತಲೆಗೇ ಬಂದಿರಲಿಲ್ಲ.

ತನ್ನ ಹಾಸಿಗೆ ಸುತ್ತಿ ಬೇವಿನ ಕೆಳಗೆ ತಂದು ಹಾಕಿದ. ಮಂಗಲಾಳನ್ನು ಪಡಸಾಲೆಯಲ್ಲಿ ಮಲಗಿಸು ಎಂದು ಗುರುಬಾಯಿಗೆ ಹೇಳಿದ. ಸಂಜೆಯೊಳಗೆ ಕೋಣೆಯ ಮಾಡಿಗೂ ರವದಿ ಹೊದಿಸಬೇಕೆಂದು ಮಗನನ್ನು ಗಾಡಿ ತರಲು ಕಳಿಸಿದ.

ಸೊಸೆಗೆ ನಿದ್ದೆ ಹತ್ತಿದ ಮೇಲೆ ಗುರುಬಾಯಿ ಹಿತ್ತಿಲಿಗೆ ಬಂದು ಗೋಣಿಚೀಲಗಳಿಗೆ ನೀರು ಚಿಮುಕಿಸತೊಡಗಿದಳು. ಗೂಳಪ್ಪ ಅವಳನ್ನೇ ನೋಡುತ್ತ ಕೂತ. ಮೂವತ್ತು ವರ್ಷ ಕೇಳದ ಮಾತೊಂದು ಬಾಯಿಗೆ ಬಂತು.

"ಮಲ್ಲಿನಾಥ ಹೊಟ್ಟ್ಯಾಗ ಇದ್ದಾಗೂ ಬ್ಯಾಸಗಿನ ಇತ್ತಲ್ಲ. ನೀ ಎಲ್ಲಿ ಕುಂಡ್ರತಿದ್ದಿ?"

ಗುರುಬಾಯಿ ಕೈ ನಿಲ್ಲಿಸಲಿಲ್ಲ.

"ಆವಾಗ ನಮ್ಮ ಮನ್ಯಾಗ ಬಾತು ಇರಲಿಲ್ಲಲ್ರಿ."